ಹೊಗೆಗೆ ದಾರಿ ಬಿಡಿ

ಸಕಲೇಶಪುರ, ಆಲೂರು ಕಡೆ ಹೊಸದಾಗಿ ಮನೆ ಕಟ್ಟುವ ಕೆಲವರು ಹಜಾರದಲ್ಲಿ ಒಂದು ಫೈರ್‌ಪ್ಲೇಸ್ ಇಡಿಸುತ್ತಾರೆ. ಜಡಿಮಳೆಯ ಸೀಮೆ ನಮ್ಮದು. ಬೆಂಕಿಯ ಮುಂದೆ ಕೂರುವ ಆಸೆ ತಪ್ಪಲ್ಲ. ಆದರೆ ಗೃಹಪ್ರವೇಶಕ್ಕೆ ಹೋದಾಗ ನನ್ನ ಕಣ್ಣು ಗ್ರಾನೈಟಿನ ಅಲಂಕಾರ ಬಿಟ್ಟು ಹೊಗೆಗೂಡಿನ ಕಡೆಗೇ ಹೋಗುತ್ತದೆ. ವಿಜ್ಞಾನದ ಮೇಷ್ಟರ ಚಾಳಿ!

ನಾವು ಬೆಳೆದ ಹೆಂಚಿನ ಮನೆಗಳಲ್ಲಿ ಹೊಗೆಗೂಡು ಅಪರೂಪ. ಬಚ್ಚಲೊಲೆ, ಅಡಿಗೆ ಒಲೆಗಳ ಹೊಗೆಗೆ ಜಂತೆ ಕರ್ರಗಾಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಆದರೂ ಹೊಗೆ ಹೆಂಚಿನ ಸಂದಿಯಲ್ಲಿ ಹೊರಟುಹೋಗುತ್ತಿತ್ತು. ತಾರಸಿ ಮನೆಗೆ ಆ ಸಂದಿಗಳಿಲ್ಲ. ಗಾಜಿನ ಕಿಟಕಿ ಬಿಗಿಯಾಗಿ ಮುಚ್ಚಿದರೆ ಅದೊಂದು ಡಬ್ಬಿ.

ಪರಿಚಿತರ ಹೊಸ ಮನೆಯಲ್ಲಿ ಬಾಣಂತಿಯ ಮಂಚದ ಪಕ್ಕ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಮುಚ್ಚಿದ್ದರು. ಕಿಟಕಿ ತೆರೆಯಿರಿ ಎಂದೆ. ಮನೆಯ ಅಜ್ಜಿ, "ಥಂಡಿ ಆಗೋದಿಲ್ವೇ? ನಾವೆಲ್ಲ ಹೀಗೇ ಮಕ್ಕಳನ್ನ ಸಾಕಿದ್ದಲ್ವೇ ಮೇಷ್ಟ್ರೇ?" ಎಂದರು. ನ್ಯಾಯವಾದ ಪ್ರಶ್ನೆ. "ಹೌದಮ್ಮ, ಆದರೆ ನಿಮ್ಮ ತಲೆಯ ಮೇಲೆ ಹೆಂಚಿತ್ತು" ಎಂದೆ. ಕಿಟಕಿ ತೆರೆಯಿತು, ಕೆಂಡ ಜಗಲಿಗೆ ಹೋಯಿತು.

ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಮೋಸ ಅಲ್ಲೇ ಇದೆ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಬೇಗ ಬೇಗ ಉಸಿರಾಡುವ ಮಕ್ಕಳಿಗೆ ಅಪಾಯ ಇನ್ನೂ ಬೇಗ. ಯಾರಿಗಾದರೂ ಹೀಗಾದರೆ ತಕ್ಷಣ ಬಯಲಿಗೆ ಕರೆತನ್ನಿ, ಆಮೇಲೆ ಆಸ್ಪತ್ರೆಗೆ. ಕಿಂಡಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನಲ್ಲೂ ಇದೇ ಅಪಾಯ.

ಹೊಗೆಗೂಡು ಕೆಲಸ ಮಾಡುವುದು ಬಿಸಿಗಾಳಿ ಹಗುರ ಎಂಬ ಪಾಠದ ಮೇಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ರೂಪಿಸಿದ ಅಸ್ತ್ರ ಒಲೆಯೂ ಇದೇ ಪಾಠದಿಂದ ಹೊಗೆಯನ್ನು ಅಡಿಗೆಮನೆಯಿಂದ ಹೊರಗಟ್ಟಿತು, ಸೌದೆಯನ್ನೂ ಉಳಿಸಿತು. ಗೂಡು ಮಾಡನ್ನು ದಾಟಿ ಕನಿಷ್ಠ 3 ಅಡಿ ಮೇಲೇಳಬೇಕು. 10 ಅಡಿಯೊಳಗೆ ಮಾಡಿನ ಎತ್ತರದ ಭಾಗವಿದ್ದರೆ ಅದಕ್ಕಿಂತ 2 ಅಡಿ ಎತ್ತರವಿರಬೇಕು. ಇಲ್ಲವಾದರೆ ಗಾಳಿ ಹೊಗೆಯನ್ನು ಮನೆಯೊಳಕ್ಕೇ ತಳ್ಳುತ್ತದೆ.

ಹಸಿ ಸೌದೆ ಒಲೆಗೆ ಬೇಡ. ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದರ ತಣ್ಣನೆಯ ಹೊಗೆ ಗೂಡಿನ ಗೋಡೆಗೆ ಡಾಂಬರಿನಂಥ ಜಿಡ್ಡಾಗಿ ಅಂಟಿ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಕಾಫಿ ಬೊಡ್ಡೆಯಾಗಲಿ, ಸಿಲ್ವರ್ ಓಕ್ ಆಗಲಿ, ಸೀಳಿ, ಸೂರಿನಡಿ ಒಂದು ಬೇಸಿಗೆ ಒಣಗಿಸಿ. ವರ್ಷಕ್ಕೊಮ್ಮೆ ಗೂಡು ಗುಡಿಸಿ. ಹಕ್ಕಿಗೂಡು, ಎಲೆಕಸ ಅಲ್ಲೇ ಇರುತ್ತವೆ. ಬೂದಿಯಲ್ಲಿ ಕೆಂಡ ದಿನಗಟ್ಟಲೆ ಜೀವಂತವಿರುತ್ತದೆ; ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯದೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ ಹೊರಗಿಡಿ. ಮಲಗುವಾಗ ಬೆಂಕಿ ಪೂರ್ತಿ ಆರಿರಲಿ.

ವಿದ್ಯಾರ್ಥಿಗಳೇ, ನಿಮಗೊಂದು ಪ್ರಯೋಗ. ಬೆಂಕಿ ಹಚ್ಚುವ ಮುನ್ನ, ಹಿರಿಯರನ್ನು ಪಕ್ಕದಲ್ಲಿಟ್ಟುಕೊಂಡು, ಒಲೆಯ ಬಾಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಗೂಡಿನೊಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಮುಖಕ್ಕೇ ಬಂದರೆ ಕಿಟಕಿ ಸ್ವಲ್ಪ ತೆರೆದು ಮತ್ತೊಮ್ಮೆ ನೋಡಿ. ಆಗಲೂ ಮೇಲೇರದಿದ್ದರೆ ಆ ದಿನ ಬೆಂಕಿ ಬೇಡವೆಂದು ಅಪ್ಪನಿಗೆ ಹೇಳಿ. ಕಂಬಳಿ ಹೊದ್ದರೂ ಚಳಿ ಹೋಗುತ್ತದೆ.