ಕಡಲೆಕಾಯಿಯ ಮೇಲೊಂದು ಆರೋಪ

ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ನಾವು ಅದನ್ನು ತಪ್ಪಿಸುವವರಲ್ಲ. ಕೆಲವು ವರ್ಷಗಳ ಹಿಂದೆ ಹೀಗೇ ಹೋಗಿದ್ದಾಗ ಹುರಿದ ಕಾಯಿಯ ಬಿಸಿ ಪೊಟ್ಟಣವನ್ನು ಮಗಳ ಕೈಗಿಟ್ಟೆ. ಅವಳು ಅದನ್ನು ತಮ್ಮನಿಗೆ ದಾಟಿಸಿ, ದುಪಟ್ಟಾದ ಅಂಚಿನಿಂದ ಕೆನ್ನೆ ಮರೆಮಾಡಿಕೊಂಡು, "ನನಗೆ ಬೇಡಮ್ಮ" ಎಂದಳು. ಚಿಕ್ಕಂದಿನಲ್ಲಿ ಅದೇ ಪರಿಷೆಯಿಂದ ಲಂಗದ ಮಡಿಲ ತುಂಬ ಕಾಯಿ ತುಂಬಿಕೊಂಡು ಬರುತ್ತಿದ್ದ ಹುಡುಗಿ ಅವಳು!

ಕಾರಣ ನಮಗೆಲ್ಲ ಗೊತ್ತಿತ್ತು. ಆಗ ಅವಳು ಮೊದಲನೇ ಪಿ.ಯು.ಸಿ. ಹಣೆ, ಕೆನ್ನೆ, ಗದ್ದ ಎಲ್ಲೆಲ್ಲೂ ಮೊಡವೆ. ಮೊಡವೆ ಎಂದರೆ ಕಂಡವರೆಲ್ಲ ವೈದ್ಯರೇ ತಾನೆ? "ಕಡಲೆಕಾಯಿ ಪಿತ್ತ, ಮಾವಿನಹಣ್ಣು ಉಷ್ಣ, ಎರಡೂ ಬೇಡ" ಎಂದರು ನಮ್ಮ ಅತ್ತೆಯವರು. ಪಕ್ಕದ ಮನೆಯವರು ಕರಿದದ್ದು ಬೇಡವೆಂದರು. ಗೆಳತಿಯರು ಚಾಕೊಲೇಟಿನ ಮೇಲೆ ದೂರು ಹೇಳಿದರು. ನಾನೇನು ಕಡಿಮೆ? ಅವಳು ಇನ್ನೊಂದು ಚಮಚ ಚಟ್ನಿ ಬಡಿಸಿಕೊಂಡರೆ ಸಾಕು, "ನಾಳೆ ಕನ್ನಡಿ ಮುಂದೆ ನಿಂತು ಅಳಬೇಡ" ಎನ್ನುತ್ತಿದ್ದೆ.

ಒಂದೊಂದಾಗಿ ಎಲ್ಲವೂ ಹೋಗಿ ತಟ್ಟೆಯಲ್ಲಿ ಅನ್ನ, ತಿಳಿಸಾರು ಮಾತ್ರ ಉಳಿದವು. ಆಮೇಲೆ ಊಟಕ್ಕೆ ಕರೆದರೆ "ಹಸಿವಿಲ್ಲ" ಎಂಬ ಉತ್ತರ. ಪರಿಷೆ ಕಳೆದು ತಿಂಗಳಾಗುವಷ್ಟರಲ್ಲಿ ತೂಕ ನಾಲ್ಕು ಕಿಲೊ ಇಳಿದಿತ್ತು. ಮೊಡವೆ ಮಾತ್ರ ಒಂದೂ ಇಳಿದಿರಲಿಲ್ಲ. ಕಾಲೇಜಿನ ಗ್ರೂಪ್ ಫೋಟೋ ತೆಗೆಯುವ ದಿನ ತಲೆನೋವೆಂದು ಮನೆಯಲ್ಲೇ ಉಳಿದಳು. ಅಂದು ನನಗೆ ನಿಜವಾಗಿ ಭಯವಾಯಿತು.

ಚರ್ಮದ ವೈದ್ಯರ ಬಳಿ ಕರೆದೊಯ್ದೆ. ನಾನು ನಿಷೇಧದ ಪಟ್ಟಿ ಒಪ್ಪಿಸಿದಾಗ ಅವರು ನಕ್ಕರು. "ಎಲ್ಲರನ್ನೂ ಒಟ್ಟಿಗೆ ಜೈಲಿಗೆ ಹಾಕಿದರೆ ಕಳ್ಳ ಯಾರೆಂದು ಗೊತ್ತಾಗುವುದು ಹೇಗಮ್ಮ?" ಎಂದರು.

ಅವರು ವಿವರಿಸಿದ್ದು ಇಷ್ಟು. ಹರೆಯದಲ್ಲಿ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ. ಜಿಡ್ಡೂ ಸತ್ತ ಜೀವಕೋಶಗಳೂ ಸೇರಿ ಕೂದಲಿನ ಬುಡದ ರಂಧ್ರ ಕಟ್ಟಿಕೊಳ್ಳುತ್ತದೆ. ಹೀಗೆ ಒಳಗೆ ಕಟ್ಟಿಕೊಂಡದ್ದು ಹೊರಗೆ ಮೊಡವೆಯಾಗಿ ಕಾಣಿಸಲು ವಾರಗಳೇ ಬೇಕು. ಅಂದಮೇಲೆ ನಿನ್ನೆಯ ಚಟ್ನಿಗೂ ಇಂದಿನ ಮೊಡವೆಗೂ ಗಂಟು ಹಾಕುವುದು ಅಷ್ಟು ಸುಲಭವಲ್ಲ. ಅಜ್ಜಿಯ ಲೆಕ್ಕ, ನನ್ನ ಲೆಕ್ಕ ಎರಡೂ ತಪ್ಪಿದ್ದು ಅಲ್ಲೇ.

ಹಾಗಾದರೆ ಊಟಕ್ಕೂ ಮೊಡವೆಗೂ ಸಂಬಂಧವೇ ಇಲ್ಲವೇ? ಮಗಳು ವಿಜ್ಞಾನದ ವಿದ್ಯಾರ್ಥಿನಿ. ತಾನೇ ಹುಡುಕಿ ಓದಿದಳು. 1969ರಲ್ಲಿ ಅಮೆರಿಕದಲ್ಲಿ 65 ಮಂದಿಗೆ ಚಾಕೊಲೇಟ್ ತಿನ್ನಿಸಿ ನೋಡಿ, ಅದು ನಿರಪರಾಧಿ ಎಂದು ಸಾರಿದ್ದರಂತೆ. ಆದರೆ ಹೋಲಿಕೆಗೆ ಕೊಟ್ಟ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಆ ತೀರ್ಪನ್ನು ಮುಂದೆ ಹಲವರು ಪ್ರಶ್ನಿಸಿದರು. 2007ರಲ್ಲಿ ಮೆಲ್ಬರ್ನ್‌ನಿಂದ ಬಂದ ಅಧ್ಯಯನ ಬೇರೆ ದಾರಿ ಹಿಡಿಯಿತು. 15ರಿಂದ 25 ವಯಸ್ಸಿನ 43 ಹುಡುಗರಲ್ಲಿ ಕೆಲವರಿಗೆ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಊಟವನ್ನು 12 ವಾರ ಕೊಟ್ಟರು. ಉಳಿದವರಿಗಿಂತ ಅವರ ಮೊಡವೆ ಹೆಚ್ಚು ಇಳಿಯಿತು. ಅವರ ತೂಕವೂ ಇಳಿದದ್ದರಿಂದ ಫಲ ಯಾವುದರದೆಂದು ಬಿಡಿಸಿ ಹೇಳುವುದು ಕಷ್ಟವಾಯಿತು. ಹಾಲು ಹೆಚ್ಚು ಕುಡಿಯುವವರಲ್ಲಿ ಮೊಡವೆ ತುಸು ಹೆಚ್ಚೆಂದು ಕೆಲವು ಸಮೀಕ್ಷೆಗಳು ಹೇಳಿವೆ. ಹಾಲೇ ಕಾರಣವೆಂದು ಅವು ಸಾಬೀತು ಮಾಡಿಲ್ಲ.

ವೈದ್ಯರು ರಾತ್ರಿ ತೆಳ್ಳಗೆ ಹಚ್ಚುವ ಮುಲಾಮು ಬರೆದುಕೊಟ್ಟರು. "ಗುಣ ಕಾಣಲು ಎರಡು ಮೂರು ತಿಂಗಳು ಬೇಕು, ನಡುವೆ ಬಿಡಬೇಡ. ಯಾರೋ ಹೇಳಿದರೆಂದು ಅಂಗಡಿಯ ಸ್ಟೆರಾಯ್ಡ್ ಕ್ರೀಮು ಹಚ್ಚಬೇಡ, ಅದರಿಂದಲೇ ಮೊಡವೆ ಏಳುತ್ತದೆ" ಎಂದರು. ಊಟದ ವಿಚಾರಣೆ ಬೇಕಿದ್ದರೆ ಆಮೇಲೆ, ಒಂದು ಸಲಕ್ಕೆ ಒಂದೇ ಪದಾರ್ಥ, ಕನಿಷ್ಠ ಎಂಟು ವಾರ.

ವಾರ್ಷಿಕ ಪರೀಕ್ಷೆ ಮುಗಿಯುವ ವೇಳೆಗೆ ಮುಖ ಅರ್ಧಕ್ಕರ್ಧ ತಿಳಿಯಾಗಿತ್ತು. ಆಗ ಮಗಳು ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದಳು. ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿಯ ಬೆಳಕಿನಲ್ಲಿ ಹೊಸ ಮೊಡವೆಗಳ ಎಣಿಕೆ. ಪಕ್ಕದಲ್ಲಿ ನಿದ್ದೆ, ಮುಟ್ಟಿನ ದಿನ, ಪರೀಕ್ಷೆಯ ದಿನಗಳ ಗುರುತು. ಮುಲಾಮು ಎಂದಿನಂತೆ.

ಮೊದಲ ಆರೋಪಿ ಕಡಲೆಕಾಯಿ. ದಿನವೂ ಒಂದು ಹಿಡಿಯಂತೆ ಎಂಟು ವಾರ ತಿಂದಳು. ಎಣಿಕೆ ಏರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿ, "ಹೋಗಲಿ, ಈ ಸಲ ಬಿಟ್ಟಿದೀನಿ" ಎಂದರು.

"ಮುಂದೆ ಯಾವುದು?" ಎಂದೆ. ಮಗಳು ಸ್ವಲ್ಪ ಅಳುಕುತ್ತ, "ನೀನು ರಾತ್ರಿ ಕೊಡೋ ಹಾಲು, ಅಮ್ಮ" ಎಂದಳು. ಓದುವ ಹುಡುಗಿಗೆ ಶಕ್ತಿ ಬರಲೆಂದು ಸಕ್ಕರೆ, ಮಾಲ್ಟ್ ಪುಡಿ ಬೆರೆಸಿ ಎರಡು ಲೋಟ ನಾನೇ ಕುಡಿಸುತ್ತಿದ್ದೆ! ನನ್ನ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅದನ್ನು ನಿಲ್ಲಿಸಿ ಮಜ್ಜಿಗೆ, ರಾಗಿ ರೊಟ್ಟಿ ಮುಂದುವರಿಸಿದೆವು. ಎಂಟು ವಾರದಲ್ಲಿ ಎಣಿಕೆ ಸ್ವಲ್ಪ ಇಳಿಯಿತು. ಮತ್ತೆ ಕೊಟ್ಟು ನೋಡಿದಾಗ ಸ್ವಲ್ಪ ಏರಿತು. ಆದರೆ ಅದು ಮಧ್ಯಾವಧಿ ಪರೀಕ್ಷೆಯ ಕಾಲ, ನಿದ್ದೆಯೂ ಕೆಟ್ಟಿತ್ತು. ಆದ್ದರಿಂದ ಸಾಬೀತಾಯಿತೆಂದು ನಾನು ಹೇಳಲಾರೆ. ಹಾಲೋ, ಸಕ್ಕರೆಯೋ, ಪರೀಕ್ಷೆಯೋ! "ಹಾಗಾದರೆ ಏನು ಮಾಡ್ತೀಯ?" ಎಂದು ಕೇಳಿದೆ. "ಲೋಟ ಬೇಡ, ಮೊಸರು ಸಾಕು" ಎಂದಳು. ತೀರ್ಮಾನ ಅವಳದು.

ಹಾಗೆಂದು ನನ್ನ ಮಗಳ ಫಲಿತಾಂಶ ನಿಮ್ಮ ಮಕ್ಕಳಿಗೂ ಹೊಂದಬೇಕೆಂದಿಲ್ಲ. ಅನುಮಾನವಿದ್ದರೆ ಒಂದನ್ನೇ ಹಿಡಿದು ತಾಳ್ಮೆಯಿಂದ ಪರೀಕ್ಷಿಸಿ. ಏನೂ ಕಾಣದಿದ್ದರೆ ಆ ಪದಾರ್ಥವನ್ನು ಮರ್ಯಾದೆಯಿಂದ ತಟ್ಟೆಗೆ ಮರಳಿಸಿ. ಮೊಡವೆ ಗಟ್ಟಿಯಾಗಿ ನೋಯುತ್ತಿದ್ದರೆ, ಕಲೆ ಉಳಿಸುತ್ತಿದ್ದರೆ ಪರೀಕ್ಷೆ ಮಾಡುತ್ತ ಕೂರದೆ ವೈದ್ಯರನ್ನು ಕಾಣಿ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ಊಟವನ್ನೇ ತಿದ್ದಲು ಹೊರಟಿದ್ದೆವು. ಮೊದಲು ತಿದ್ದಬೇಕಾಗಿದ್ದುದು ಊಟದ ಹೊತ್ತಿನ ನನ್ನ ಮಾತು.

ಮುಂದಿನ ಪರಿಷೆಗೆ ಮಗಳೇ ನಮ್ಮನ್ನು ಹೊರಡಿಸಿದಳು. ಗದ್ದದ ಮೇಲೆ ಆಗಲೂ ಎರಡು ಮೊಡವೆ ಇದ್ದವು. ದಾರಿಯುದ್ದಕ್ಕೂ ಸಿಪ್ಪೆ ಬಿಡಿಸುತ್ತ ಅಜ್ಜಿಯ ಅಂಗೈಗೆ ನಾಲ್ಕು ಬೀಜ, ತನ್ನ ಬಾಯಿಗೆ ನಾಲ್ಕು ಬೀಜ ಹಾಕಿಕೊಳ್ಳುತ್ತಿದ್ದಳು. ನಾನು ಏನೂ ಹೇಳಲಿಲ್ಲ.