ಬೇ ಏರಿಯಾದಿಂದ - 14: ಎಲೆ ನೋಡಿ ಬೆಳಕು ತಿಳಿಯುವುದು

ಹೋದ ವಾರ ಹಾಕಿದ ಫೋಟೋದಲ್ಲಿ ನನ್ನ ಕಡುಬನ್ನು ಯಾರೂ ನೋಡಲೇ ಇಲ್ಲ. ಎಲ್ಲರೂ ಕೇಳಿದ್ದು ಹಿಂದೆ ಕಿಟಕಿಯಲ್ಲಿದ್ದ ಹೂವಿನ ಬಗ್ಗೆ! ಅದು ಫ್ಯಾಲನಾಪ್ಸಿಸ್ ಅಂತ ಒಂದು ಆರ್ಕಿಡ್. ಇಲ್ಲಿ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ಮರದ ಮೇಲಿಂದ ಜಡೆಯ ಹಾಗೆ ಇಳಿಬೀಳುವ ಸೀತಾಳೆ ದಂಡೆ ಇದೆಯಲ್ಲ, ಅದೂ ಆರ್ಕಿಡ್ಡೇ. ಎರಡೂ ನೆಂಟರು.

ಇದನ್ನೇ ಬರೆಯಲು ಇನ್ನೊಂದು ಕಾರಣ ಇದೆ. ಅಜ್ಜಿ ಹಲಸಿನ ಮರಕ್ಕೆ ಕಟ್ಟಿದ್ದ ಸೀತಾಳೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಳೆದ ಮಳೆಗಾಲದ ಗಾಳಿಗೆ ಆ ಮರ ಬಿತ್ತು. ಗಿಡವನ್ನು ಕೊಂಬೆ ಸಮೇತ ಕೊಯ್ದು ಕೊಟ್ಟಿಗೆಯ ಶೀಟಿನ ಕೆಳಗೆ ನೇತುಹಾಕಿದರು. ಅಲ್ಲಿಂದ ಅಮ್ಮನಿಗೆ ಅದರದ್ದೇ ಚಿಂತೆ. ಅಜ್ಜಿ ಇಲ್ಲ, ಮರ ಇಲ್ಲ, ಇದೂ ಹೋದರೆ?

ಮೊದಲು ಒಂದು ಮಾತು. ನಮ್ಮೂರಲ್ಲಿ ಮರದ ಮೇಲೆ ಬೆಳೆಯುವುದಕ್ಕೆಲ್ಲ ಬಂದಳಿಕೆ ಅಂತ ಕಿತ್ತು ಹಾಕುವವರಿದ್ದಾರೆ. ಬಂದಳಿಕೆ ಮರದ ರಸ ಹೀರುತ್ತದೆ. ಸೀತಾಳೆ ಹೀರುವುದಿಲ್ಲ, ಸುಮ್ಮನೆ ಕೂತಿರುತ್ತದೆ. ಅದು ಮರ ಹತ್ತಿರುವುದು ಬೆಳಕಿಗಾಗಿ. ಆದರೆ ಆ ಬೆಳಕೂ ನೇರ ಬಿಸಿಲಲ್ಲ, ಎಲೆಗಳ ಸಂದಿಯಿಂದ ಸೋಸಿ ಬಂದದ್ದು.

ಎಷ್ಟು ಬೆಳಕು ಸಾಕು? ಡಿಸೆಂಬರ್ 21ರ ಮಧ್ಯಾಹ್ನ ತೀರ್ಥಹಳ್ಳಿಯಲ್ಲಿ ಸೂರ್ಯ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ನಾನಿರುವ ಫ್ರೀಮಾಂಟ್‌ನಲ್ಲಿ ಬರೀ 29. ಹಗಲು ಅಲ್ಲಿ 11 ಗಂಟೆಗೂ ಹೆಚ್ಚು, ಇಲ್ಲಿ ಒಂಬತ್ತೂವರೆ. ಇನ್ನು ಇಲ್ಲೇ ಊರಿಂದೂರಿಗೆ ವ್ಯತ್ಯಾಸ. ನನ್ನ ಜೊತೆ ಕೆಲಸ ಮಾಡುವ ಫಿಲಿಪೈನ್ಸಿನ ಅಕ್ಕ ಒಬ್ಬರು ಸಮುದ್ರದ ಬದಿಯ ಡೇಲಿ ಸಿಟಿಯಲ್ಲಿದ್ದಾರೆ. ಜೂನ್, ಜುಲೈಯಲ್ಲೂ ಅಲ್ಲಿ ಆಗುಂಬೆಯ ಹಾಗೆ ಮಂಜು. ಅವರ ಗಿಡ ದಕ್ಷಿಣದ ಕಿಟಕಿಯಲ್ಲಿ ಹಾಯಾಗಿದೆ. ಅದೇ ಜಾತಿಯದ್ದನ್ನು ನಮ್ಮಲ್ಲಿ ಬೇಸಿಗೆಯಲ್ಲಿ ಹಾಗೆ ಇಟ್ಟರೆ ಸುಟ್ಟೇ ಹೋಗುತ್ತದೆ. ನನ್ನದು ಪೂರ್ವದ ಅಡುಗೆಮನೆ ಕಿಟಕಿಯಲ್ಲಿದೆ, ಬೆಳಗಿನ ಎಳೆಬಿಸಿಲು ಮಾತ್ರ. ಮಲಗುವ ಕೋಣೆಯಲ್ಲಂತೂ ಇಡುವ ಹಾಗಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದವಳು ಹಗಲೆಲ್ಲ ದಪ್ಪ ಪರದೆ ಎಳೆದು ಮಲಗುತ್ತೇನೆ!

ಹಾಗಾಗಿ ಇನ್ನೊಬ್ಬರ ಮನೆಯ ಲೆಕ್ಕ ನಮ್ಮ ಮನೆಗೆ ಬರುವುದಿಲ್ಲ. ಎಲೆಯನ್ನೇ ಕೇಳಬೇಕು. ಎಲೆ ಕಡು ಹಸಿರಾಗಿ, ಉದ್ದವಾಗಿ ಜೋತಿದ್ದರೆ ಬೆಳಕು ಸಾಲದು. ನೋಡಲು ಚಂದ, ಆದರೆ ಹೂ ಬಿಡುವುದಿಲ್ಲ. ತಿಳಿ ಹಸಿರಾಗಿ ಗಟ್ಟಿಯಾಗಿದ್ದರೆ ಸರಿ. ಅಂಚಿನಲ್ಲಿ ಕೆಂಪು ಛಾಯೆ ಬಂದರೆ ಇನ್ನು ಹೆಚ್ಚಿನ ಬೆಳಕು ಬೇಡ ಅಂತ. ಮಧ್ಯಾಹ್ನ ಗಿಡದಿಂದ ಒಂದಡಿ ಮೇಲೆ ಕೈ ಹಿಡಿದು ನೆರಳು ನೋಡಿ. ಬೆರಳೆಲ್ಲ ಸ್ಪಷ್ಟವಾಗಿ ಕಂಡರೆ ಬೆಳಕು ಜೋರು, ಮಸುಕಾಗಿ ಕಂಡರೆ ಫ್ಯಾಲನಾಪ್ಸಿಸ್‌ಗೆ ಹದ, ನೆರಳೇ ಬೀಳದಿದ್ದರೆ ಕಮ್ಮಿ. ಸೀತಾಳೆಗೆ ಇದಕ್ಕಿಂತ ಸ್ವಲ್ಪ ಹೆಚ್ಚೇ ಬೇಕು.

ಕೊಟ್ಟಿಗೆಯಲ್ಲಿ ಆದದ್ದೂ ಅದೇ. ಎಲೆ ಕಡು ಹಸಿರಾಯಿತು. "ಗಿಡ ಚೆನ್ನಾಗಿದೆ ಕಣೇ" ಅಂತಿದ್ದರು ಅಮ್ಮ. ಫೆಬ್ರವರಿಯಲ್ಲಿ ತಮ್ಮ ಒಳ್ಳೆಯದಾಗಲಿ ಅಂತಲೇ ಅದನ್ನು ತಾರಸಿಗೆ ಸಾಗಿಸಿದ. ನೆರಳಲ್ಲಿದ್ದ ಗಿಡಕ್ಕೆ ಒಮ್ಮೆಲೇ ಬಿಸಿಲು. ಎರಡೇ ದಿನಕ್ಕೆ ಎಲೆ ಮೇಲೆ ಬಿಳಿ ಪಟ್ಟೆ, ಆಮೇಲೆ ಅದರ ನಡುವೆ ಕಪ್ಪು. ರೋಗ ಅಂತ ಅಮ್ಮ ಕತ್ತಿ ತರಿಸಿದ್ದರು.

ವಿಡಿಯೋ ಕಾಲಿನಲ್ಲಿ ನಾನು ಕತ್ತಿ ಕೆಳಗಿಡಿಸಿ ಪೆನ್ನು ತರಿಸಿದೆ. ನಮ್ಮ ವಾರ್ಡಿನಲ್ಲಿ ರೋಗಿಯ ಕಾಲು ಸೋಂಕಾಗಿ ಕೆಂಪಾದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಸಮಯ ಬರೆಯುತ್ತೇವೆ. ಕೆಂಪು ಗೆರೆ ದಾಟಿತು ಅಂದರೆ ಹಬ್ಬುತ್ತಿದೆ ಅಂತ. ತಮ್ಮನ ಹತ್ತಿರ ಎಲೆಗೂ ಹಾಗೇ ಮಾಡಿಸಿ, ಗಿಡವನ್ನು ನೆರಳಿಗೆ ಹಾಕಿಸಿದೆ. ಬಿಸಿಲಿಗೆ ಸುಟ್ಟ ಕಲೆ ಒಣಗಿ ಕಾಗದದ ಹಾಗಾಗುತ್ತದೆ, ಹಬ್ಬುವುದಿಲ್ಲ. ಕೊಳೆ ರೋಗವಾದರೆ ಮುಟ್ಟಿದರೆ ಮೆತ್ತಗೆ, ನೀರು ನೀರು, ಕೆಲವು ಸಲ ವಾಸನೆ, ಬೇಗ ಹಬ್ಬುತ್ತದೆ. ಆಗ ಮಾತ್ರ ಬೆಂಕಿಗೆ ಹಿಡಿದು ಆರಿಸಿದ ಬ್ಲೇಡಿನಿಂದ ಒಳ್ಳೆಯ ಭಾಗ ಸ್ವಲ್ಪ ಸೇರಿಸಿ ಕತ್ತರಿಸಬೇಕು. ಮೂರು ದಿನವಾದರೂ ನಮ್ಮ ಕಲೆ ಗೆರೆ ದಾಟಲಿಲ್ಲ. ಕತ್ತಿಗೆ ಕೆಲಸ ಇರಲಿಲ್ಲ. ಆ ಕಲೆ ಮಾಯುವುದಿಲ್ಲ, ಆದರೆ ಉಳಿದ ಹಸಿರು ಗಿಡಕ್ಕೆ ಊಟ ಕೊಡುತ್ತಲೇ ಇರುತ್ತದೆ.

ಎಲೆ ಸುಕ್ಕಾದರೆ? ನಮ್ಮಲ್ಲಿ ಸುಸ್ತು ಅಂದ ಕೂಡಲೇ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸುವ ಹಾಗೆ ಎಲ್ಲರೂ ನೀರು ಹಾಕುತ್ತಾರೆ. ಮೊದಲು ಬೇರು ನೋಡಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಬಾಯಾರಿದೆ, ನೀರು ಕೊಡಿ. ಕಂದಾಗಿ, ಹಿಸುಕಿದರೆ ಮೆತ್ತಗಿದ್ದರೆ ನೀರು ಹೆಚ್ಚಾಗಿ ಬೇರೇ ಕೊಳೆತಿದೆ. ನೀರು ಕುಡಿಯುವ ಬೇರೇ ಇಲ್ಲದಾಗ ಎಷ್ಟು ಹಾಕಿದರೇನು? ತಳದ ಒಂದೇ ಎಲೆ ನಿಧಾನಕ್ಕೆ ಹಳದಿಯಾದರೆ ಅದು ವಯಸ್ಸು, ಬಿಟ್ಟುಬಿಡಿ.

ಈ ಸಲ ಮೊದಲ ಮಳೆ ಬಿದ್ದ ಮೇಲೆ ಅಪ್ಪಯ್ಯ ಅಜ್ಜಿಯ ಸೀತಾಳೆಯನ್ನು ಅಂಗಳದ ಮಾವಿನ ಮರಕ್ಕೆ, ಪೂರ್ವದ ಕಡೆಗೆ, ಬಾಳೆ ನಾರಿನಲ್ಲಿ ಕಟ್ಟಿದ್ದಾರೆ. ಮಣ್ಣಿಲ್ಲ, ಗೊಬ್ಬರ ಇಲ್ಲ. ಬೇರಿನ ತುದಿ ಹಸಿರಾಗಿದೆ ಅಂತ ನಿನ್ನೆ ಅಮ್ಮ ಹೇಳಿದರು. ಅದು ತೊಗಟೆ ಹಿಡಿದರೆ ಗೆದ್ದ ಹಾಗೆ. ಹೂವು ಬರುವುದಿದ್ದರೆ ಮುಂದಿನ ಬೇಸಿಗೆಯ ಕೊನೆಗೆ.

ನಮ್ಮ ಮನೆ ಕಡೆ ಹೋದವರು ಅದರ ಎಲೆಯ ಫೋಟೋ ಕಳಿಸಿ. ಫ್ಲ್ಯಾಶ್ ಬೇಡ, ಹಗಲ ಬೆಳಕಲ್ಲೇ ತೆಗೆಯಿರಿ. ನನಗೆ ಬಣ್ಣ ಕಾಣಬೇಕು. ನಿಮ್ಮ ಮನೆಯ ಗಿಡದ ಎಲೆ ಏನಾದರೂ ಹೇಳುತ್ತಿದ್ದರೆ ಅದನ್ನೂ ಕಳಿಸಿ. ಭಾನುವಾರ ನನಗೆ ರಜೆ.