ಗುರುವಾರ ಮೂರೂವರೆಗೆ

ಬ್ಯೂನಸ್ ಐರಿಸ್‌ನ ಪ್ಲಾಜಾ ದೆ ಮಾಯೊಗೆ ಬಂದವರು ಗುಲಾಬಿ ಬಣ್ಣದ ಅಧ್ಯಕ್ಷ ಭವನದ ಮುಂದೊಂದು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಾನು ಗುರುವಾರಕ್ಕಾಗಿ ಕಾದೆ. ಮಧ್ಯಾಹ್ನ ಮೂರೂವರೆಗೆ ಬಿಳಿ ಸ್ತಂಭದ ಸುತ್ತ ಮೆರವಣಿಗೆ ಶುರುವಾಯಿತು. ಮುಂದೆ ವೀಲ್‌ಚೇರಿನಲ್ಲಿ ಒಬ್ಬ ಹಣ್ಣುಹಣ್ಣು ಮುದುಕಿ. ಗದ್ದದ ಕೆಳಗೆ ಗಂಟು ಹಾಕಿದ ಬಿಳಿ ತಲೆವಸ್ತ್ರ, ಅದರ ಮೇಲೆ ನೀಲಿ ದಾರದ ಕಸೂತಿ. ಮೈಕಿನಲ್ಲಿ ಕಾಣೆಯಾದವರ ಒಂದೊಂದೇ ಹೆಸರು ಕೂಗಿದಾಗಲೂ ಜನ ಶಾಲೆಯ ಹಾಜರಿಯಂತೆ 'ಪ್ರೆಸೆಂತೆ' ಎಂದು ಓಗೊಡುತ್ತಿದ್ದರು. ನನಗೆ ಮೈ ಜುಮ್ಮೆಂದಿತು.

1976ರಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಹೀಗೆ ಕಾಣೆಯಾದವರು 30,000 ಎನ್ನುತ್ತವೆ ಮಾನವ ಹಕ್ಕು ಸಂಘಟನೆಗಳು. ಹೆತ್ತವರು ಠಾಣೆ, ಬ್ಯಾರಕ್ಕು, ಚರ್ಚು ಅಲೆದರು. ಎಲ್ಲೂ ಉತ್ತರವಿಲ್ಲ. ಮಗನಿಗೆ ರಾತ್ರಿಯೂಟ ತೆಗೆದಿಡಬೇಕೋ, ಎಳ್ಳುನೀರು ಬಿಡಬೇಕೋ ತಿಳಿಯದ ಸಂಕಟ. ತಿಥಿ ಮಾಡೋಣವೆಂದರೆ ದಿನವೇ ಗೊತ್ತಿಲ್ಲ. 1977ರ ಏಪ್ರಿಲ್ 30ರಂದು ಕೆಲವು ತಾಯಂದಿರು ಈ ಚೌಕದಲ್ಲಿ ಸೇರಿದರು. ಗುಂಪುಗೂಡುವಂತಿಲ್ಲ, ನಡೀರಿ ಎಂದರು ಪೊಲೀಸರು. ಸರಿ, ನಡೆದರು, ಇಬ್ಬಿಬ್ಬರಾಗಿ, ತೋಳಿಗೆ ತೋಳು ಸೇರಿಸಿ. ಅಪ್ಪಣೆ ಪಾಲಿಸುತ್ತಲೇ ಸರ್ಕಾರವನ್ನು ಇಷ್ಟು ಕಂಗೆಡಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅದೇ ವರ್ಷ ಲುಹಾನ್ ಯಾತ್ರೆಯ ಜನಸಾಗರದಲ್ಲಿ ಒಬ್ಬರಿಗೊಬ್ಬರು ಗುರುತು ಸಿಗಲೆಂದು ಕೂಸಿನ ಲಂಗೋಟಿ ಬಟ್ಟೆಯನ್ನೇ ತಲೆಗೆ ಕಟ್ಟಿಕೊಂಡರಂತೆ. ತಲೆವಸ್ತ್ರ ಹುಟ್ಟಿದ್ದು ಹಾಗೆ. ಈಗ ಚೌಕದ ನೆಲದ ಮೇಲೂ ಅದರದೇ ಚಿತ್ರ. ಚೌಕದಲ್ಲಿ ಸೇರಲು ಮೊದಲು ಕರೆಕೊಟ್ಟ ಅಸುಸೆನಾ ವಿಯಾಫ್ಲೋರ್ ಆ ಡಿಸೆಂಬರಿನಲ್ಲಿ ತಾವೇ ಕಾಣೆಯಾದರು. ಅವರ ಅವಶೇಷಗಳ ಗುರುತು ಹತ್ತಿದ್ದು 2005ರಲ್ಲಿ. ಚಿತಾಭಸ್ಮ ಇದೇ ಚೌಕದ ಮಣ್ಣಿನಲ್ಲಿದೆ.

ಕಾಣೆಯಾದವರಲ್ಲಿ ಸೆರೆಯಲ್ಲೇ ಹೆತ್ತ ಹೆಣ್ಣುಮಕ್ಕಳೂ ಇದ್ದರು. ಆ ಶಿಶುಗಳನ್ನು ಯಾರ್‍ಯಾರಿಗೋ ಕೊಟ್ಟುಬಿಟ್ಟಿದ್ದರು. ಅಜ್ಜಿಯರು ಸುಮ್ಮನಾಗಲಿಲ್ಲ: ಅಪ್ಪ-ಅಮ್ಮ ಇಲ್ಲದಿದ್ದರೂ ನಮ್ಮ ರಕ್ತದಿಂದ ಮೊಮ್ಮಕ್ಕಳನ್ನು ಗುರುತಿಸಲಾಗುತ್ತದೆಯೇ ಎಂದು ವಿಜ್ಞಾನಿಗಳ ಬೆನ್ನುಹತ್ತಿದರು. ಅಮೆರಿಕದ ಮೇರಿ-ಕ್ಲೇರ್ ಕಿಂಗ್ ದಾರಿ ತೋರಿಸಿದರು. 1987ರಲ್ಲಿ ಕಾನೂನಿನಂತೆ ರಾಷ್ಟ್ರೀಯ ವಂಶವಾಹಿ ಬ್ಯಾಂಕ್ ಆಯಿತು. ಅಳಲು ಹೊರಟವರು ತಳಿವಿಜ್ಞಾನಕ್ಕೆ ಪ್ರಶ್ನೆ ಕೊಟ್ಟರಲ್ಲ!

ಅಜ್ಜಿಯರ ಸಂಘದ ಅಧ್ಯಕ್ಷೆ ಎಸ್ತೆಲಾ ದೆ ಕಾರ್ಲೊಟ್ಟೊಗೆ ಮೊಮ್ಮಗ ಸಿಕ್ಕಿದ್ದು 2014ರಲ್ಲಿ. ಆತ 36ರ ಪಿಯಾನೊ ವಾದಕ. ತನ್ನ ಹುಟ್ಟಿನ ಬಗ್ಗೆ ಅನುಮಾನ ಬಂದು ತಾನಾಗಿಯೇ ಪರೀಕ್ಷೆಗೆ ಬಂದಿದ್ದ. ಈವರೆಗೆ ಹೀಗೆ 130ಕ್ಕೂ ಹೆಚ್ಚು ಮಂದಿಯ ಗುರುತು ಹತ್ತಿದೆ. ಉಳಿದ ಕೂಸುಗಳಿಗೆ ಈಗ ಐವತ್ತರ ಆಸುಪಾಸು. ಎಷ್ಟೋ ಅಜ್ಜಿಯರು ತೀರಿಕೊಂಡಿದ್ದಾರೆ, ಅವರ ರಕ್ತದ ಮಾದರಿ ಮಾತ್ರ ಬ್ಯಾಂಕಿನಲ್ಲಿ ಕಾಯುತ್ತಿದೆ.